ನಲವತ್ತೊಂದನೇ ಬಾಯಿ

ಶಾಹಿದಾ ಮೇಡಮ್ಮ, ನಾನು ಚನ್ನಿಗಪ್ಪ ಮಾತಾಡ್ತಿರೋದು. ಬೆಳಿಗ್ಗೆ ನೀವು ನಮ್ಮ ತಾರಸಿ ಮೇಲೆ ಆ ಚಪ್ಪಟೆ ಹಲಗೆ ಕೂರಿಸ್ತಿದ್ದಾಗ ನಿಮ್ಮ ಮುಖದ ಮೇಲೇ ನಕ್ಕುಬಿಟ್ಟನಲ್ಲ, ಆ ಮುದುಕ. ನೀವು ಸಿಟ್ಟು ಮಾಡ್ಕೊಂಡು ಟೀ ಅರ್ಧಕ್ಕೇ ಬಿಟ್ಟು ಇಳಿದುಹೋದ್ರಿ. ಆ ಅರ್ಧ ಲೋಟ ಟೀ ಇನ್ನೂ ಅಲ್ಲೇ ಇದೆ. ಅದನ್ನ ನೋಡ್ಕೊಂಡು ನನಗೆ ಕೂತಲ್ಲಿ ಕೂರೋಕಾಗ್ತಿಲ್ಲ. ಓಡಾಡ್ಕೊಂಡೇ ಹೇಳ್ತೀನಿ, ನಡುನಡುವೆ ಏದುಸಿರು ಕೇಳಿಸಿದ್ರೆ ಗಾಬರಿಯಾಗ್ಬೇಡಿ, ನಾನು ಚಿಕ್ಕಂದಿನಿಂದ್ಲೂ ಹಿಂಗೇ.

ನೀವೇನಂದ್ರಿ? ಈ ಹಲಗೆ ತಿರುಗಲ್ಲ, ಬಗ್ಗಲ್ಲ, ಇದರೊಳಗೆ ನೂರಾರು ಪುಟಾಣಿ ಆಂಟೆನಾ ಸಾಲಾಗಿ ಕೂತಿವೆ, ಒಂದೊಂದೂ ಒಂಚೂರು ಹಿಂದೆಮುಂದೆ ಸಿಗ್ನಲ್ ಬಿಡುತ್ತೆ, ಆ ಹಿಂದೆಮುಂದೆಯಿಂದ್ಲೇ ಸಿಗ್ನಲ್ಲು ಬೇಕಾದ ಕಡೆ ವಾಲುತ್ತೆ, ಮೇಲೆ ಉಪಗ್ರಹ ಓಡ್ತಾ ಇದ್ರೂ ಇದು ಕೂತಲ್ಲೇ ಅದರ ಬೆನ್ನು ಹಿಡಿಯುತ್ತೆ ಅಂದ್ರಿ. ಸರಿ ಅಂತ ತಲೆ ಆಡಿಸ್ದೆ. ಆಮೇಲೆ ಅಂದ್ರಿ, "ಇದರಲ್ಲಿ ಐದಾರು ಕೆಟ್ಟು ಸುಮ್ಮನಾದ್ರೂ ಚಿಂತೆಯಿಲ್ಲ ತಾತ, ಮಿಕ್ಕಿದ್ದು ನಡೆಸ್ತವೆ. ತಪ್ಪು ಹೊತ್ತಲ್ಲಿ ಬಾಯಿ ಹಾಕೋವು ಇದ್ರೇನೇ ತೊಂದ್ರೆ." ಅಲ್ಲಿ ನನಗೆ ನಗು ಬಂತು. ನಿಮ್ಮನ್ನ ನೋಡಿ ಅಲ್ಲಮ್ಮ. ಈ ಕೆಲಸ ನಾನು ಹದಿನೆಂಟು ವರ್ಷ ಗಂಟಲಲ್ಲಿ ಮಾಡಿದೀನಿ. ಆ ತಪ್ಪು ಹೊತ್ತಿನ ಬಾಯಿ ನಂದೇ.

ಆ ಊರು ಎಲ್ಲಿದೆ ಅಂತ ಕೇಳ್ಬೇಡಿ, ಬಸ್ಸು ಹೋಗಲ್ಲ. ಒಂದು ಉದ್ದನೆ ಏರಿ, ಏರಿ ಈಚೆ ಮನೆಗಳು, ಏರಿ ಆಚೆ ಕಣ್ಣು ಹಾಯೋವರೆಗೂ ಬಿಳೀ ಬಯಲು. ಬಟ್ಟೆ ಒಗೆಯೋ ಸೌಳು ಮಣ್ಣಿನ ಬಯಲು. ಜನ ಬೆಳಿಗ್ಗೆ ಬಯಲಿಗಿಳಿದು ಸೌಳು ಕೆರೆದು, ಮರದ ಮರಿಗೆಯಲ್ಲಿ ತುಂಬ್ಕೊಂಡು, ಹಗ್ಗ ಕಟ್ಟಿ ಎಳ್ಕೊಂಡು ಬರೋರು. ಬಯಲ ನಡುವೆ ಒಂದು ಹಳ್ಳ, ಒಣಗಿದ್ದು. ಹಳ್ಳದಾಚೆ ದೂರದಲ್ಲಿ ಒಂದು ದಿಬ್ಬ. ಮೇಲಿನ ಕಾಡಿನ ಕಡೆಯಿಂದ ನೀರು ಯಾವಾಗ ಬೇಕಾದ್ರೂ ಬರೋದು, ಹೇಳದೆ ಕೇಳದೆ. ಬಂದ್ರೆ ಮೊದಲು ಹಳ್ಳ ತುಂಬೋದು, ಆಮೇಲೆ ಬಯಲು. ಹಳ್ಳದ ಈಚೆ ಇದ್ದೋರು ಏರಿಗೆ ಓಡ್ಬೇಕು, ಆಚೆ ಇದ್ದೋರು ದಿಬ್ಬಕ್ಕೆ ಓಡ್ಬೇಕು. ಹಳ್ಳ ದಾಟೋಕೆ ಹೋದೋರು ಹೋದಂಗೇ.

ಇನ್ನು ಮಾತಿನ ವಿಷಯ. ನಮ್ಮೂರಲ್ಲಿ ಒಬ್ಬನ ಮಾತು ಹತ್ತು ಮಾರು ಹೋಗಿ ಬಿದ್ದುಬಿಡೋದು. ಎಷ್ಟೇ ಅರಚ್ಕೊಳ್ಳಿ, ಹತ್ತು ಮಾರು. ಹನ್ನೊಂದನೇ ಮಾರಲ್ಲಿ ನಿಂತೋನಿಗೆ ನಿಮ್ಮ ಬಾಯಿ ಆಡೋದು ಕಾಣೋದು ಅಷ್ಟೇ. ಹೋಗೋದೂ ನಿಧಾನ, ಓಡೋ ಕುದುರೆಯಷ್ಟು. ಯಾಕೆ ಅಂತ ಯಾರೂ ಕೇಳ್ತಿರ್ಲಿಲ್ಲ. ಮಗ ಬಚ್ಚಲಲ್ಲಿದ್ರೆ ಬಚ್ಚಲಿಗೇ ಹೋಗಿ ಊಟಕ್ಕೆ ಕರೆಯೋದು. ಜಗಳ ಆಡ್ಬೇಕಾದ್ರೆ ಹತ್ರ ನಿಂತ್ಕೊಂಡೇ ಆಡ್ಬೇಕು, ಅದಕ್ಕೇ ನಮ್ಮೂರಲ್ಲಿ ಜಗಳ ಕಮ್ಮಿ, ಹೊಡೆದಾಟ ಜಾಸ್ತಿ.

ಬಯಲಲ್ಲಿರೋರಿಗೆ ಮಾತು ಮುಟ್ಟಿಸ್ಬೇಕಾದ್ರೆ ಸಾಲು ನಿಲ್ಲಬೇಕು. ಏರಿ ಮೇಲೆ ನಲವತ್ತೊಂದು ಜನ, ಒಬ್ಬರಿಂದ ಒಬ್ಬರಿಗೆ ಒಂದು ಮಾರು ಅಂತರ, ಎಲ್ಲರ ಕೈಯಲ್ಲೂ ಒಂದೇ ಹಗ್ಗ. ಎಲ್ಲರೂ ಒಟ್ಟಿಗೆ ಕೂಗಿದ್ರೆ ಮಾತು ನೆಟ್ಟಗೆ ಎದುರಿಗೆ ಹೋಗೋದು, ಮೈಲಿಗಟ್ಟಲೆ. ಬಲಗಡೆ ತುದಿಯೋರು ಮೊದಲು ಕೂಗಿ, ಪಕ್ಕದೋರು ಒಂಚೂರು ತಡೆದು, ಅವರ ಪಕ್ಕದೋರು ಇನ್ನೊಂಚೂರು ತಡೆದು ಕೂಗ್ತಾ ಬಂದ್ರೆ ಮಾತು ಎಡಕ್ಕೆ ವಾಲೋದು. ಯಾರೂ ಕತ್ತು ತಿರುಗಿಸೋ ಹಾಗಿಲ್ಲ, ಎಲ್ಲರ ಮುಖವೂ ಎದುರಿಗೇ. ತಿರುಗೋದು ಮಾತು ಮಾತ್ರ. ಎಷ್ಟು ತಡೀಬೇಕು ಅನ್ನೋದನ್ನ ಹಗ್ಗ ಹೇಳೋದು. ಹಗ್ಗ ಬಿಗಿಯಾಗಿದ್ರೆ ಜಗ್ಗಿದ್ದು ಸರ್ರಂತ ಓಡೋದು, ಸಡಿಲ ಬಿಟ್ರೆ ತೆವಳ್ಕೊಂಡು ಹೋಗೋದು. ಕೈಗೆ ಜಗ್ಗು ಬಂದಾಗ ಬಾಯಿ ತೆರೀಬೇಕು. ಮುಂಚೆ ಇಲ್ಲ, ಆಮೇಲೆ ಇಲ್ಲ. ಒಂದು ಸಲಕ್ಕೆ ಒಂದೇ ಮಾತು, ಎರಡು ಸೇರಿಸಿದ್ರೆ ಕಲಸಿಹೋಗೋದು. ಹೆಸರು ಕೂಗೋ ಪದ್ಧತಿ ಇಲ್ಲ. ಯಾರ ಕಿವಿಗೆ ಬಿತ್ತೋ ಅವರದ್ದು ಆ ಮಾತು. ನಮ್ಮೂರಿನ ಜನ ಅದನ್ನ ಉಸಿರಾಟದಷ್ಟು ನಂಬಿದ್ರು. ಬಿದ್ದ ಮಾತನ್ನ ಯಾರೂ ಅನುಮಾನಿಸ್ತಿರ್ಲಿಲ್ಲ.

ಹಗ್ಗ ಹಿಡಿಯೋಳು ದ್ಯಾವಕ್ಕ. ಕುಳ್ಳಿ, ಕಪ್ಪಗೆ, ಎಲೆ ಅಡಿಕೆ ಬಾಯಿ. ಬಯಲ ಕಡೆ ನೋಡ್ತಾನೂ ಇರ್ಲಿಲ್ಲ. ಅವಳ ಅಪ್ಪಣೆ ಸಾಲಿನಲ್ಲಿ ಕಿವಿಯಿಂದ ಕಿವಿಗೆ ದಾಟೋದು. ಅಟ್ಟಣೆ ಮೇಲೆ ಬೈಲಪ್ಪ ಅನ್ನೋನು ತೆಂಗಿನ ಚಿಪ್ಪಿಗೆ ಸೀಳು ಕೊರೆದು ಕಣ್ಣಿಗೆ ಕಟ್ಟಿಕೊಂಡು ನೋಡ್ತಿದ್ದ, ಆ ಬಿಳೀ ಬಿಸಿಲಲ್ಲಿ ಬರಿಗಣ್ಣಲ್ಲಿ ಏನೂ ಕಾಣದು. ಅವನು ಕೈ ಚಾಚಿ ಅಳೆದು "ಎಡಕ್ಕೆ ಮೂರು ಗೇಣು, ನಡೀತಿದಾರೆ" ಅನ್ನೋನು. ದ್ಯಾವಕ್ಕ ಹಗ್ಗ ಸಡಿಲ ಮಾಡೋಳು, ಅವರು ಈಗ ಇರೋ ಜಾಗಕ್ಕಲ್ಲ, ಮಾತು ಹೋಗಿ ಮುಟ್ಟೋ ಹೊತ್ತಿಗೆ ಎಲ್ಲಿರ್ತಾರೋ ಅಲ್ಲಿಗೆ. ಇದನ್ನ ಅವಳು ಯಾವ ಲೆಕ್ಕ ಹಾಕಿ ಮಾಡ್ತಿದ್ಲೋ, ಕೇಳಿದ್ರೆ "ಮುದ್ದೆ ಎಷ್ಟು ಬೆಂದಿದೆ ಅಂತ ಲೆಕ್ಕ ಹಾಕ್ತೀಯೇನೋ?" ಅನ್ನೋಳು.

ನಾನು ಸಾಲಿನ ನಡುಮಧ್ಯದಲ್ಲಿದ್ದೆ. ನಡುವಿನೋರಿಗೆ ದೊಡ್ಡ ಗಂಟಲು ಇರ್ಬೇಕು, ತುದಿಯೋರು ಮೆಲ್ಲಗೆ ಕೂಗ್ಬೇಕು. ತುದಿಯೋರು ಜೋರು ಮಾಡಿದ್ರೆ ಮಾತು ಅಕ್ಕಪಕ್ಕ ಚೆಲ್ಲೋದು. ಅದಕ್ಕೇ ತುದಿಗೆ ಮುದುಕರು, ಕೆಮ್ಮಿನೋರು. ನನ್ನದು ಕೋಣನ ಗಂಟಲು. ಆದ್ರೆ ಜಗ್ಗು ಬರೋವರೆಗೂ ಕಾಯೋಕೆ ನನ್ನಿಂದ ಆಗ್ತಿರ್ಲಿಲ್ಲ. ಪಕ್ಕದೋನ ಎದೆ ಉಬ್ಬೋದು ಕಂಡ್ರೆ ಸಾಕು, ನನ್ನ ಬಾಯಿ ತೆರ್ಕೊಳ್ಳೋದು. ಒಬ್ಬ ಮುಂಚೆ ಕೂಗಿದ್ರೆ ಮಾತು ಅಷ್ಟೇನೂ ಕೆಡಲ್ಲ, ಆದ್ರೆ ಒಂದು ಚೂರು ಬೇರೆಲ್ಲೋ ಹೋಗಿ ಬೀಳುತ್ತೆ. ಒಂದ್ಸಲ ಬಯಲಲ್ಲಿದ್ದ ಗಂಡನಿಗೆ ಅಂತ ಒಬ್ಬಳು "ಹೊರಟಳು" ಅಂತ ಕೂಗಿಸಿದ್ಲು, ಅಂದ್ರೆ ನಿಮ್ಮಮ್ಮ ತೊಲಗಿದ್ಲು, ನಿಧಾನವಾಗಿ ಮನೆಗೆ ಬಾ ಅಂತ. ನನ್ನ ದೆಸೆಯಿಂದ ಅದರ ಚೂರೊಂದು ಹೋಗಿ ದಾರಿಯಲ್ಲಿ ಗಂಟು ಹೊತ್ಕೊಂಡು ನಡೀತಿದ್ದ ಆ ಅತ್ತೆ ಕಿವಿಗೇ ಬಿತ್ತು. ಬಿದ್ದ ಮಾತು ಅವಳದ್ದಲ್ವ? ಯಾರೋ ಸತ್ರು ಅಂದ್ಕೊಂಡು ಎದೆ ಬಡ್ಕೊಂಡು ವಾಪಸ್ ಬಂದ್ಲು. ಬಂದೋಳು ಮತ್ತೆ ಎರಡು ವರ್ಷ ಹೋಗ್ಲಿಲ್ಲ. ಊರೆಲ್ಲ ನಕ್ಕಿತು, ಆ ಸೊಸೆ ಒಬ್ಬಳನ್ನ ಬಿಟ್ಟು.

ದ್ಯಾವಕ್ಕ ನಗ್ಲಿಲ್ಲ. ಒಂದಿನ ಬೆಳಿಗ್ಗೆ ನಮ್ಮ ಮನೆ ಬಾಗಿಲಿಗೇ ಬಂದ್ಲು. "ಲೋ ಚನ್ನಿಗ, ಇವತ್ತಿಂದ ನೀನು ಎಡದ ತುದಿ."

"ತುದಿಯಾ? ನನ್ನ ಗಂಟಲು ಏನಾಗ್ಬೇಕಕ್ಕ?"

"ಗಂಟಲು ಇರ್ಲಿ, ಜೋಪಾನವಾಗಿ ಇಟ್ಕೊ. ಕೊನೇಲಿ ನಿಂತು, ಬರೋದನ್ನ ಕಾಯೋದು ಕಲಿ."

ನನ್ನ ಹೆಂಡ್ತಿ ಹೊನ್ನಿ ಒಲೆ ಮುಂದೆ ಕೂತ್ಕೊಂಡು ಕೇಳಿಸ್ಕೊಂಡ್ಲು. ದ್ಯಾವಕ್ಕ ಅತ್ತ ಹೋಗಿದ್ದೇ ತಡ, ನಗೋಕೆ ಶುರು. "ಮದುವೆ ಮಂಟಪದಲ್ಲೂ ಪುರೋಹಿತರು ಹೇಳೋ ಮುಂಚೆ ತಾಳಿ ಕಟ್ಟಿದೋನು ನೀನು. ಅವತ್ತೇ ನಿನ್ನ ತುದಿಗೆ ಕಳಿಸ್ಬೇಕಿತ್ತು."

"ನಗ್ಬೇಡ ನೀನು. ಮುದುಕರ ಜತೆ ನಿಲ್ಲಿಸಿದಾಳೆ ನನ್ನ."

"ನಿಂತ್ಕೊ, ನಿಂತ್ರೆ ಕಾಯೋದು ಬರುತ್ತೆ. ನೋಡು, ಹುರುಳಿ ಬೇಯೋಕಿಟ್ಟಿದೀನಿ. ಬಿಸಿಲು ಹೊಸಲಿಗೆ ಬಂದಾಗ ಕೊಳ್ಳಿ ಎಳೆದು ಒಲೆ ಆರಿಸು. ಕೇಳಿಸ್ತಾ?"

ನಾನು ಮುಖ ಗೋಡೆ ಕಡೆ ತಿರುಗಿಸ್ಕೊಂಡೆ. ಅವಳು ಇನ್ನಿಬ್ಬರು ಹೆಂಗಸರ ಜತೆ ಮರಿಗೆ ಎಳ್ಕೊಂಡು ಬಯಲಿಗಿಳಿದುಹೋದ್ಲು. ಹಳ್ಳದಾಚೆಯ ಸೌಳು ಬಿಳಿ ಜಾಸ್ತಿ ಅಂತ ಅವಳಿಗೆ ಅಲ್ಲೇ ಆಗ್ಬೇಕು.

ಬಿಸಿಲು ಇನ್ನೂ ಹೊಸಲಿಗೆ ಬಂದಿರ್ಲಿಲ್ಲ, ಅಟ್ಟಣೆ ಮೇಲೆ ಕೆಂಪು ಬಟ್ಟೆ ಏರ್ತು. ನೀರು. ನಾನು ಎದ್ದೋನೇ ಓಡ್ದೆ. ಒಲೆ ಗಿಲೆ ಯಾವುದೂ ನೆನಪಿಲ್ಲ.

ಏರಿ ಮೇಲೆ ಜನ ಹಗ್ಗ ಹಿಡಿದು ನಿಲ್ತಾ ಇದ್ರು. ನಾನು ನಡುವಿಗೆ ನುಗ್ಗೋಕೆ ಹೋದೆ, ದ್ಯಾವಕ್ಕ ಬೆರಳು ತೋರಿಸಿದ್ಲು, ಎಡದ ತುದಿ. ಹೋಗಿ ನಿಂತೆ. ನನ್ನ ಬಲಕ್ಕೆ ನಿಂಗಜ್ಜ, ಹಲ್ಲಿಲ್ಲದ ಮುದುಕ. ನನ್ನ ಎಡಕ್ಕೆ ಬರೀ ಗಾಳಿ.

ಬಯಲಲ್ಲಿ ಅವತ್ತು ಎರಡೇ ಗುಂಪು. ಅಟ್ಟಣೆ ನಾನಿದ್ದ ತುದಿ ಹತ್ರವೇ, ಬೈಲಪ್ಪ ಮೇಲಿಂದ ಹೇಳ್ದ, "ಮುದ್ವೀರನೋರು ನಾಲ್ಕು ಜನ, ನೆಟ್ಟಗೆ ಎದುರಿಗೆ, ಹಳ್ಳ ದಾಟಿ ಈಚೆ ಬಂದವ್ರೆ. ನೂರೆಣಿಕೆ ದೂರ. ಇನ್ನೊಂದು ಮೂರು ಹೆಂಗಸ್ರು, ಎಡಕ್ಕೆ, ಹಳ್ಳದಾಚೆ, ಈ ಕಡೆಗೇ ಬರ್ತಾವ್ರೆ. ಇನ್ನೂರೆಣಿಕೆ." ಮಾತು ಹೊರಟು ಮುಟ್ಟೋದರೊಳಗೆ ಎಷ್ಟು ಎಣಿಸ್ಬಹುದೋ ಅದು ನಮ್ಮ ದೂರ.

ಮೂರು ಹೆಂಗಸ್ರು ಅಂದ್ರೆ ಹೊನ್ನಿ. ಊಟಕ್ಕೆ ವಾಪಸ್ ಹೊರಟಿದಾಳೆ, ಹಳ್ಳದ ಕಡೆ ನಡೀತಿದಾಳೆ.

"ಮೊದಲು ಆಚೆಯೋರಿಗೆ," ಅಂದ್ಲು ದ್ಯಾವಕ್ಕ. "ದಿಬ್ಬ ಅಂತ. ಎಡಕ್ಕೆ. ಮೆಲ್ಲಗೆ ಬರುತ್ತೆ ಜಗ್ಗು, ಕಾಯಿರಿ." ಅವಳು ಬಲದ ತುದಿಗೆ ಹೋಗಿ ಹಗ್ಗ ಸಡಿಲ ಬಿಟ್ಟು ಜಗ್ಗಿದ್ಲು. ದೂರದಲ್ಲಿ ಮೊದಲನೇ ಬಾಯಿ "ದಿಬ್ಬ" ಅಂತು, ಆಮೇಲೆ ಎರಡನೇದು, ಮೂರನೇದು. ಹತ್ತು ಮಾರಿಗಿಂತ ದೂರದ್ದು ನನಗೆ ಕೇಳಿಸ್ತಿರ್ಲಿಲ್ಲ, ಬಾಯಿಗಳು ಒಂದೊಂದಾಗಿ ತೆರ್ಕೊಳ್ಳೋದು ಓರೆಗಣ್ಣಲ್ಲಿ ಕಾಣ್ತಿತ್ತು. ಗಾಳಿಗೆ ಜೋಳದ ತೆನೆ ಬಾಗ್ತಾ ಬರುತ್ತಲ್ಲ, ಹಂಗೆ. ಎಷ್ಟು ನಿಧಾನ ಅಂತೀರಿ! ಅಲ್ಲಿ ಅವಳು ಹೆಜ್ಜೆ ಹಾಕ್ತಿದಾಳೆ, ಇಲ್ಲಿ ಇವು ಒಂದೊಂದೇ ಬಾಯಿ ಬಿಡ್ತಿವೆ. ನನ್ನ ಕಾಲು ಕುಣೀತಿತ್ತು. ಜಗ್ಗು ಇನ್ನೂ ನಡುವಿನಲ್ಲಿತ್ತು. ನಾನು ಇದ್ದಬದ್ದ ಗಂಟಲೆಲ್ಲ ಹಾಕಿ ಅರಚಿಬಿಟ್ಟೆ. "ದಿಬ್ಬ!"

ನಾನೊಬ್ಬನೇ ಆಗಿದ್ರೆ ಹೆಂಗೋ ನಡೀತಿತ್ತು. ನನ್ನ ಬಲಕ್ಕಿದ್ದ ಮುದುಕರು ಎಂಟ್ಹತ್ತು ಜನ, ಕಿವಿ ಹತ್ರವೇ ಕೋಣ ಕೂಗಿದ ಹಾಗಾಗಿ, ಜಗ್ಗು ತಮಗೆ ಗೊತ್ತಾಗ್ಲಿಲ್ಲವೇನೋ ಅಂದ್ಕೊಂಡು ಗಡಬಡಿಸಿ ಕೂಗಿಬಿಟ್ರು. ಎಡದ ತುದಿ ಬೇಗ ಕೂಗಿದ್ರೆ ಏನಾಗುತ್ತೆ ನಿಮಗೆ ಗೊತ್ತಲ್ಲ ಮೇಡಮ್ಮ, ಮಾತು ವಾಲಲ್ಲ. ಎರಡು ಹೋಳಾಯ್ತು. ಒಂದು ಹೋಳು ಎಡಕ್ಕೆ ಹೊರಟು ದಾರೀಲೇ ಸೊರಗಿತು. ಇನ್ನೊಂದು ನೆಟ್ಟಗೆ, ಮುದ್ವೀರನ ಕಡೆಗೆ.

ಎಲ್ಲರಿಗೂ ಗೊತ್ತಾಗಿಹೋಗಿತ್ತು. ಮಾತು ಹೋಗ್ತಾ ಇದೆ, ಇನ್ನೂ ಮುಟ್ಟಿಲ್ಲ. ಓಡಿಹೋಗಿ ಹಿಡ್ಕೊಂಡು ಬರೋ ಹಾಗಿಲ್ಲ. ಹಿಂದೆ ಇನ್ನೊಂದು ಮಾತು ಕಳಿಸಿದ್ರೂ ಅದು ಮೊದಲನೇದನ್ನ ದಾಟಲ್ಲ, ಎರಡೂ ಅದೇ ಕುದುರೆ. ಹಳ್ಳದಿಂದ ಹತ್ತಿ ಈಚೆ ಬಂದು ಬದುಕಿರೋ ನಾಲ್ಕು ಜನ, ಇನ್ನು ಸ್ವಲ್ಪ ಹೊತ್ತಿಗೆ "ದಿಬ್ಬ" ಅಂತ ಕೇಳಿಸ್ಕೊಂಡು, ನಂಬಿ, ತಿರುಗಿ ಹಳ್ಳಕ್ಕೇ ಇಳೀತಾರೆ.

ದ್ಯಾವಕ್ಕ ಸಾಲಿನ ಹಿಂದೆ ದಬದಬ ನಡ್ಕೊಂಡು ಬಂದ್ಲು. ಬೈತಾಳೆ ಅಂದ್ಕೊಂಡೆ, ಬೈಲಿಲ್ಲ. "ಹಗ್ಗ ಬಿಗಿ ಮಾಡ್ರಿ. ನೆಟ್ಟಗೆ. ಏರಿ ಅಂತ."

"ಅಕ್ಕಾ, ಹೊನ್ನಿ," ಅಂದೆ. "ಹೊನ್ನಿಗಿನ್ನೂ ಮುಟ್ಟಿಲ್ಲ ಅಕ್ಕ. ಅವಳು ಹಳ್ಳಕ್ಕೆ ಇಳಿದುಬಿಡ್ತಾಳೆ. ಮೊದಲು ಅವಳಿಗೆ."

"ಕೆಡಿಸಿದ್ದು ಮುದ್ವೀರನನ್ನ. ಮೊದಲು ಅವನು."

"ನನ್ನ ಹೆಂಡ್ತಿ ಕಣಕ್ಕ!"

"ಅದಕ್ಕೇ ಹೇಳ್ತಿರೋದು, ನೀನು ಬಾಯಿ ಮುಚ್ಚು. ಹಗ್ಗ ಹಿಡ್ಕೊ, ಬಾಯಿ ಮುಚ್ಚು. ಈಗ್ಲೂ ಅಷ್ಟೇ, ಆಮೇಲೂ ಅಷ್ಟೇ. ನೀನಿಲ್ಲದೆ ನಲವತ್ತು ಬಾಯಿ ಇವೆ, ಸಾಕು."

ಬಿಗಿ ಹಗ್ಗ ಸರ್ರಂತ ಜಗ್ಗಿತು. ನಲವತ್ತು ಬಾಯಿ ಒಟ್ಟಿಗೆ "ಏರಿ" ಅಂದ್ವು. ಮೊದಲನೇ ಮಾತು ಹೋಗಿ ಇಪ್ಪತ್ತೈದು ಎಣಿಕೆ ಆಗಿತ್ತು. ಅಂದ್ರೆ ಮುದ್ವೀರನಿಗೆ ತಪ್ಪು ಮಾತು ಬಿದ್ದು, ಸರಿ ಮಾತು ಬೀಳೋದರೊಳಗೆ ಇಪ್ಪತ್ತೈದು ಎಣಿಕೆ ಅವನು ಹಳ್ಳದ ಕಡೆ ಓಡ್ತಾನೆ.

ಅದು ಏನಾಯ್ತು ಅಂತ ನೋಡೋಕೂ ದ್ಯಾವಕ್ಕ ನಿಲ್ಲಲಿಲ್ಲ. ಬಲದ ತುದಿಗೆ ಹೊರಡೋ ಮುಂಚೆ ತಲೆ ಎತ್ತಿ ಕೇಳಿದ್ಲು. "ಬೈಲಪ್ಪ, ಹೆಂಗಸ್ರು?"

"ಹಳ್ಳಕ್ಕೆ ಇನ್ನು ಇನ್ನೂರೈವತ್ತು ಹೆಜ್ಜೆ. ಬಿರಬಿರನೆ ಬರ್ತಾವ್ರೆ."

ಇನ್ನೂರೆಣಿಕೆ ದೂರ, ಇನ್ನೂರೈವತ್ತು ಹೆಜ್ಜೆ. ಮೇಡಮ್ಮ, ನನ್ನ ಜೀವಮಾನದಲ್ಲಿ ನಾನು ಮಾಡಿದ ಕಷ್ಟದ ಕೆಲಸ ಯಾವುದು ಅಂತ ಯಾರಾದ್ರೂ ಕೇಳಿದ್ರೆ, ಆಗ ಬಾಯಿ ಮುಚ್ಕೊಂಡು ನಿಂತಿದ್ದು. ದ್ಯಾವಕ್ಕ ಬಲದ ತುದಿಗೆ ಹೋಗಿ ಮತ್ತೆ ಹಗ್ಗ ಸಡಿಲ ಬಿಟ್ಟು ಜಗ್ಗಿದ್ಲು, ಬಾಯಿಗಳು ಒಂದೊಂದಾಗಿ ತೆರ್ಕೊಳ್ತಾ ಬಂದ್ವು. ಹತ್ತನೇದು, ಇಪ್ಪತ್ತನೇದು. ನಾನು ನಾಲಿಗೆ ಕಚ್ಚಿ ಹಿಡಿದಿದ್ದೆ, ರಕ್ತ ಉಪ್ಪುಪ್ಪಾಗಿ ಬಾಯಿಗೆ ಬಂತು. ಮೂವತ್ತು. ನಿಂಗಜ್ಜ ಬೊಚ್ಚು ಬಾಯಲ್ಲಿ ಮೆಲ್ಲಗೆ "ದಿಬ್ಬ" ಅಂದ, ದೇವರ ಮುಂದೆ ಅನ್ನೋ ಹಾಗೆ. ಆಮೇಲೆ ಜಗ್ಗು ನನ್ನ ಕೈಗೆ ಬಂತು. ನನ್ನ ಹೆಂಡ್ತಿಯ ಜೀವ ನನ್ನ ಅಂಗೈಗೆ ಬಂದು ಮುಟ್ಟಿತು, ನಾನು ಏನೂ ಅನ್ನಲಿಲ್ಲ. ಮಾತು ನನ್ನನ್ನ ಬಿಟ್ಟೇ ಹೋಯ್ತು. ಚೆನ್ನಾಗೇ ಹೋಯ್ತು.

ಆ ಮಾತು ಹೊರಟಾಗಿಂದ ಬೈಲಪ್ಪ ಎಣಿಸ್ತಿದ್ದ. ಎಪ್ಪತ್ತರ ಹತ್ರ ಕೂಗ್ದ, "ಮುದ್ವೀರನೋರು ತಿರುಗಿದ್ರು! ಹಳ್ಳಕ್ಕೆ ಇಳಿದಿದ್ರು, ಈಗ ಈಚೆ ಹತ್ತಾವ್ರೆ. ನೊರೆ ಬಂತು. ಮರಿಗೆ ಹೋಯ್ತು. ಒಬ್ಬ ಬಿದ್ದ. ಎಳ್ಕೊಂಡ್ರು, ಎಳ್ಕೊಂಡ್ರು." ಆಮೇಲೆ ನೂರೈವತ್ತು. ಆಮೇಲೆ ಇನ್ನೂರು. ಆಮೇಲೆ ಬೈಲಪ್ಪ ಎಣಿಸೋದೇ ನಿಲ್ಲಿಸ್ದ.

"ಏನಾಯ್ತೋ?" ಅಂದ್ಲು ವಾಪಸ್ ಬಂದ ದ್ಯಾವಕ್ಕ.

"ಕಾಣ್ತಿಲ್ಲಕ್ಕ. ನೀರು ಬಯಲಿಗೆ ಹತ್ತಿ ಎಲ್ಲ ಹೊಳೀತೈತೆ. ಕಣ್ಣು ಬಿಡಕಾಯ್ತಿಲ್ಲ."

ಸರಿ, ಇನ್ನು ಉಳಿದಿದ್ದು ಕೇಳೋದು. ಸಾಲು ಕೂಗೋದೂ ಮಾಡುತ್ತೆ, ಕೇಳೋದೂ ಮಾಡುತ್ತೆ, ಹಗ್ಗ ಅದೇ. ದಿಬ್ಬ ಮುಟ್ಟಿದೋರು "ಹೂಂ" ಅಂತ ಒಂದು ಮಾತು ಕಳಿಸ್ಬೇಕು. ಮೂರು ಜನ ಕೂಗಿದ್ದು ಇಷ್ಟು ದೂರ ಬರೋ ಹೊತ್ತಿಗೆ ಪುಡಿಪುಡಿ. ಒಬ್ಬರ ಕಿವಿಗೆ ಒಂದು ಕಾಳು ಬಿದ್ರೆ ಹೆಚ್ಚು. ಅದಕ್ಕೆ ಏನು ಮಾಡೋದು ಅಂದ್ರೆ, ಬಲದ ತುದಿಯೋರು ತಮಗೆ ಬಿದ್ದ ಕಾಳನ್ನ ಪಕ್ಕದೋರ ಕಿವೀಲಿ ಹೇಳೋದು, ಅವರು ತಮ್ಮದನ್ನೂ ಸೇರಿಸಿ ಅವರ ಪಕ್ಕಕ್ಕೆ. ಹಿಂಗೆ ಬರ್ತಾ ಬರ್ತಾ ಮಾತು ಮೈದುಂಬುತ್ತೆ. ಎಡದ ತುದಿಗೆ ಬರೋ ಹೊತ್ತಿಗೆ ಪೂರ್ತಿ ಆಗಿರುತ್ತೆ. ಅದನ್ನ ಗಟ್ಟಿಯಾಗಿ ಹೇಳೋದು ಕೊನೆಯೋನ ಕೆಲಸ. ನಲವತ್ತೊಂದನೇ ಬಾಯಿ. ದ್ಯಾವಕ್ಕ ಬೆಳಿಗ್ಗೆ ಬರೋದನ್ನ ಕಾಯೋದು ಕಲಿ ಅಂದಿದ್ದು ಇದಕ್ಕೆ.

ನಿಂತೆ. ಕಿವಿ ಕೊಟ್ಟೆ. ಏನೂ ಇಲ್ಲ. ನೀರಿನ ಸದ್ದೂ ಇಲ್ಲ, ಅದೂ ದಾರೀಲೇ ಬಿದ್ದುಹೋಗ್ತಿತ್ತು. ಸೌಳಿನ ಬಿಸಿ ಗಾಳಿ ಅಷ್ಟೇ. "ಹೂಂ" ಅಂತ ನಾನೇ ಅಂದುಬಿಡ್ಲಾ ಅನ್ನಿಸ್ತು. ಅಂದ್ರೆ ಎಲ್ಲರೂ ಹಗ್ಗ ಬಿಟ್ಟು ಕೂತ್ಕೋತಾರೆ. ಸುಳ್ಳಾದ್ರೆ ಸುಳ್ಳು, ಒಂದು ಗಳಿಗೆ ಅವಳು ಬದುಕಿರ್ತಾಳಲ್ಲ. ಬಾಯಿ ತುದಿಗೆ ಬಂದಿತ್ತು ಮೇಡಮ್ಮ. ಸುಳ್ಳು ಹೇಳಲ್ಲ, ಬಂದಿತ್ತು.

ನುಂಗ್ಕೊಂಡೆ.

ಆಮೇಲೆ ಓರೆಗಣ್ಣಲ್ಲಿ ನೋಡ್ತೀನಿ, ಬಲಗಡೆ ದೂರದಲ್ಲಿ ಒಂದು ತಲೆ ಪಕ್ಕದ ತಲೆ ಕಡೆ ಬಾಗ್ತು. ಆ ತಲೆ ಇನ್ನೊಂದರ ಕಡೆ. ಬರ್ತಾ ಇದೆ. ಹಗ್ಗ ಅಂಗೈಯಲ್ಲಿ ಸಣ್ಣಗೆ ನಡುಗೋಕೆ ಶುರುವಾಯ್ತು. ನನ್ನ ಕಿವಿಗೆ ಒಂದು ಕಾಳೂ ಬಿದ್ದಿರ್ಲಿಲ್ಲ, ಆದ್ರೆ ಮೂವತ್ತು ಜನಕ್ಕೆ ಬಿದ್ದದ್ದು ನನ್ನ ಕೈಗೆ ಗೊತ್ತಾಗ್ತಿತ್ತು. ಕೆಲವರು ಮಾತು ದಾಟಿಸಿ ಮುಖ ಸೊಟ್ಟ ಮಾಡ್ಕೊಂಡ್ರು. ಯಾಕೆ ಅಂತ ಅರ್ಥವಾಗ್ಲಿಲ್ಲ. ಕೊನೆಗೆ ನಿಂಗಜ್ಜ ನನ್ನ ಕಡೆ ಬಾಗಿದ. ಅವನ ಬಾಯಿಂದ ಹೊಗೆಸೊಪ್ಪಿನ ವಾಸನೆ. ಹೇಳ್ದ. ಹೇಳಿ, "ನನ್ನ ಬೈಬೇಡ ಮಗ, ಬಂದಿದ್ದೇ ಅದು," ಅಂದ.

"ಏನಂತೋ?" ಅಂತ ದ್ಯಾವಕ್ಕ ನನ್ನ ಹಿಂದೆ ಬಂದು ನಿಂತ್ಲು. "ಗಟ್ಟಿಯಾಗಿ ಹೇಳು."

ಅಲ್ಲೀವರೆಗೂ ಬಾಯಿ ಮುಚ್ಚಿದ್ದೋನು ಆಗ ತೆರೆದೆ. "ಒಲೆ," ಅಂದೆ.

ಒಂದು ಗಳಿಗೆ ಯಾರಿಗೂ ಗೊತ್ತಾಗ್ಲಿಲ್ಲ. ಆಮೇಲೆ ನನ್ನ ಮುಖ ನೋಡಿ ದ್ಯಾವಕ್ಕ ಎಲೆ ಅಡಿಕೆ ಉಗಿದು ನಕ್ಕಳು ನೋಡಿ, ಆ ನಗು ತಲೆಯಿಂದ ತಲೆಗೆ ಬಾಗ್ತಾ ಬಲದ ತುದಿವರೆಗೂ ಹೋಯ್ತು, ಸಾಲಾಗಿ, ಒಬ್ಬರಾದ ಮೇಲೆ ಒಬ್ಬರು. ಊರೆಲ್ಲ ಜೀವ ಉಳಿದ್ರೆ ಹೂಂ ಅನ್ನುತ್ತೆ. ಇವಳು ದಿಬ್ಬದ ಮೇಲೆ ನಿಂತ್ಕೊಂಡು, ಇನ್ನಿಬ್ಬರನ್ನೂ ಸೇರಿಸ್ಕೊಂಡು, ನನ್ನ ಒಲೆ ಆರಿಸೋಕೆ ಕೂಗಿದಾಳೆ. "ಓಡೋ," ಅಂದ್ಲು ದ್ಯಾವಕ್ಕ, "ಮನೆಗೆ ಬೆಂಕಿ ಬೀಳೋ ಮುಂಚೆ ಓಡು. ಇವತ್ತೊಂದಿನ ಮುಂಚೆ ಓಡಿದ್ರೆ ತಪ್ಪಿಲ್ಲ."

ನಾನು ಓಡ್ಲಿಲ್ಲ. ಎಲ್ಲರೂ ಹಗ್ಗ ಬಿಟ್ರು, ನಾನು ತುದಿ ಹಿಡ್ಕೊಂಡು ಅಲ್ಲೇ ಕೂತುಬಿಟ್ಟೆ.

ಅಷ್ಟರಲ್ಲಿ ಮುದ್ವೀರನನ್ನ ಮೂರು ಜನ ಹೊತ್ಕೊಂಡು ಏರಿ ಹತ್ತಿಸಿದ್ರು. ನೊರೆಯಲ್ಲಿ ಮರಿಗೆ ಬಂದು ಮಂಡಿಗೆ ಬಡಿದಿತ್ತು, ಆ ಕಾಲು ಮತ್ತೆ ಮಡಚಲೇ ಇಲ್ಲ. ಅವನು ನನ್ನ ಒಂದು ದಿನವೂ ಬೈದವನಲ್ಲ. ಆದ್ರೆ ಅವತ್ತಿಂದ ಎಲ್ಲಿ ಸಿಕ್ಲಿ, ಕೋಲು ಊರಿ ನಿಂತ್ಕೊಂಡು ಕೇಳೋನು, "ಏನ್ ಚನ್ನಿಗಣ್ಣ, ಎಲ್ಲಿಗೆ ಹೋಗ್ಲಿ?" ಅಂತ. ಬೈದಿದ್ರೆ ಮರೀತಿದ್ನೇನೋ. ಊರು ಬಿಟ್ಟು ಇಷ್ಟು ವರ್ಷ ಆದ್ರೂ, ಸುಮ್ಮನೆ ಕೂತ್ರೆ ಅದು ಕೇಳಿಸುತ್ತೆ ನನಗೆ. ಅದಕ್ಕೇ ಕೂರಲ್ಲ.

ಹುರುಳಿ ತಳ ಹಿಡಿದು ಮಡಕೆಗೇ ಅಂಟಿತ್ತು. ಮನೆಗೇನೂ ಆಗಿರ್ಲಿಲ್ಲ. ನೀರು ಇಳಿಯೋಕೆ ಮೂರು ದಿನ. ಮೂರು ದಿನವೂ ಆ ಸೀದ ಹುರುಳೀನೇ ಕೆರ್ಕೊಂಡು ತಿಂದೆ, ಬೇರೆ ಬೇಯಿಸ್ಕೊಳ್ಳಲಿಲ್ಲ. ನಾಲ್ಕನೇ ದಿನ ಹೊನ್ನಿ ಮೈಯೆಲ್ಲ ಸೌಳು ಮೆತ್ಕೊಂಡು ಬಂದ್ಲು. ಬಂದೋಳು ನನ್ನ ನೋಡ್ಲಿಲ್ಲ, ಮಡಕೆ ಎತ್ತಿ ತಳ ನೋಡಿದ್ಲು.

"ನಾನು ಕೂಗಿದ್ದು ಕೇಳಿಸ್ಲಿಲ್ವಾ?"

"ಊರಿಗೆಲ್ಲ ಕೇಳಿಸ್ತು," ಅಂದೆ.

"ನಿನಗೆ?"

"ನನಗೆ ಹೇಳಿದ್ರು."

ಅವಳು ಮಡಕೆ ಕೆಳಗಿಟ್ಟು ನನ್ನ ಕಡೆ ತಿರುಗಿದ್ಲು. "ಹೇಳೋವರೆಗೂ ಕಾದ್ಯಾ?" ಅಂದ್ಲು. ನಾನು ಹೂಂ ಅಂದೆ.